ಈ ವರ್ಷದ ಶಾಲೆ ಮುಗಿಯಿತು

ಬೇಸಿಗೆ ರಜೆ ಶುರುವಾಯಿತು. ಮಲ್ಪೆ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಅರ್ಧ ದಿನದ ಟೀಚರ್. ಓದಿನಲ್ಲಿ ಹಿಂದೆ ಉಳಿದ ಮಕ್ಕಳನ್ನು ಕೂರಿಸಿಕೊಂಡು ಓದಿಸುವುದು, ಬರೆಸುವುದು ನನ್ನ ಕೆಲಸ.

ಇವರ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಬಂದರಿನ ಕೆಲಸಕ್ಕೆಂದು ಕೊಪ್ಪಳ, ರಾಯಚೂರು ಕಡೆಯಿಂದ ಬಂದವರ ಮಕ್ಕಳದ್ದು ಬೇರೆಯೇ ಕನ್ನಡ. ಪುಸ್ತಕದ ಕನ್ನಡ ಎಲ್ಲರಿಗೂ ಸ್ವಲ್ಪ ದೂರವೇ ಅಲ್ವಾ? ಇವರನ್ನು ಯಾರಾದರೂ ದಡ್ಡರು ಅಂದರೆ ನನಗೆ ತುಂಬಾ ಸಿಟ್ಟು ಬರುತ್ತದೆ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ. ವರ್ಷದ ಶುರುವಿನಲ್ಲಿ ಒತ್ತಕ್ಷರ ಕಂಡರೆ ಸಾಕು, ಬೆರಳನ್ನು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ಮೊನ್ನೆ ಬಸ್ ಸ್ಟಾಪಿನಲ್ಲಿ ಸಿಕ್ಕಿದ. ಎದುರಿಗೆ ದೇವಸ್ಥಾನದ ದೊಡ್ಡ ಬ್ಯಾನರ್. ನಾನು ಕೇಳಲೇ ಇಲ್ಲ, ತಾನಾಗಿಯೇ ಓದಿದ: ‘ಬ್ರಹ್ಮ... ಕಲ... ಶೋತ್ಸವ’. ಆಮೇಲೆ ಪೂರ್ತಿ ಒಂದೇ ಉಸಿರಿಗೆ. ನನಗೆ ಕಣ್ಣು ತುಂಬಿ ಬಂತು.

ಈಗಿನ ಚಿಂತೆ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಕೆಲಸ ಇಲ್ಲದ ಕೆಲವು ಕುಟುಂಬಗಳು ಊರಿಗೆ ಹೋದರೆ ಬರುವುದು ಆಗಸ್ಟ್‌ಗೇ. ಶಾಲೆ ಮಾತ್ರ ಅಷ್ಟರಲ್ಲಿ ಶುರುವಾಗಿ ಎರಡು ತಿಂಗಳು ಆಗಿರುತ್ತದೆ. ಆ ಮಕ್ಕಳು ಕಲಿತದ್ದು ಜಾಸ್ತಿ ಮರೆತುಹೋಗುವುದು ಈ ಗ್ಯಾಪಿನಲ್ಲೇ.

ಅದಕ್ಕೇ ಯಾವ ಮಗು ಎಲ್ಲಿಯವರೆಗೆ ಓದುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕ್ಲಾಸ್ ಟೀಚರ್ ಕೈಗೆ ಕೊಟ್ಟಿದ್ದೇನೆ. ಮುಂದಿನ ವರ್ಷ ನಾನೇ ಇರಲಿ, ಬೇರೆಯವರು ಬರಲಿ, ಅಲ್ಲಿಂದಲೇ ಮುಂದುವರಿಸಬಹುದು. ನಿಮ್ಮ ಮನೆಯಲ್ಲಿ ಮಕ್ಕಳು ಓದಿ ಮುಗಿಸಿದ ಕನ್ನಡ ಕಥೆಪುಸ್ತಕ ಇದ್ದರೆ ಹೇಳಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.