ಗಜನಿಯ ಬಾಗಿಲು ತೋರಿಸಿದ ಮಾಸ್ತರು

ನಮ್ಮ ವಿಜ್ಞಾನದ ಮಾಸ್ತರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಉತ್ತರ ಕನ್ನಡದ ಅಘನಾಶಿನಿ ನದಿ ದಂಡೆಯ ಈ ಶಾಲೆಯಲ್ಲಿ ಅವರು ಮಾಡಿದ ಪಾಠಗಳಲ್ಲಿ ಒಂದೂ ಈಗ ನೆನಪಿಲ್ಲ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಕಂಕುಳಲ್ಲಿ ಛತ್ರಿ, ಮತ್ತು ಏಡಿಗಳ ಪ್ರಕರಣ ಮಾತ್ರ ಕಣ್ಣಿಗೆ ಕಟ್ಟಿದಂತಿವೆ.

ಒಂಬತ್ತನೇ ತರಗತಿಯಲ್ಲಿ ನಾವು ಕೆಲವರು ಗಜನಿಯಿಂದ, ಅಂದರೆ ಅಳಿವೆಯ ದಂಡೆಯ ಉಪ್ಪುನೀರಿನ ಗದ್ದೆಯಿಂದ, ಏಡಿ ಹಿಡಿದು ತಂದು ಗಣಿತದ ಅಕ್ಕೋರ ಪಾಠದ ನಡುವೆ ಚೀಲದ ಬಾಯಿ ಬಿಚ್ಚಿದೆವು. ಹುಡುಗಿಯರು ಬೆಂಚು ಹತ್ತಿದರು, ಅಕ್ಕೋರು ಕುರ್ಚಿ ಹತ್ತಿದರು. ಗದ್ದಲ ಕೇಳಿ ಬಂದ ಮಾಸ್ತರು ಬೆತ್ತ ಹುಡುಕಲಿಲ್ಲ. ಒಂದು ಏಡಿಯನ್ನು ಹಿಂದಿನಿಂದ ಹಿಡಿದೆತ್ತಿ, "ಎಲ್ಲಿಂದ ತಂದಿರೋ ಅಲ್ಲಿಗೇ ಬಿಟ್ಟು ಬರೋಣ" ಎಂದು ಇಡೀ ತರಗತಿಯನ್ನು ಹೊರಡಿಸಿದರು.

ಒಡ್ಡಿನ ಮೇಲೆ ನಿಲ್ಲಿಸಿ ಹಲಗೆಯ ಬಾಗಿಲು ತೋರಿಸಿದರು. ಮಳೆಗಾಲದಲ್ಲಿ ಸಮುದ್ರದ ಭರತ ಬಂದಾಗ ಅದನ್ನು ಮುಚ್ಚಬೇಕು, ಇಳಿತದಲ್ಲಿ ತೆರೆದು ಗದ್ದೆಯ ನೀರನ್ನು ಹೊರಗೆ ಬಿಡಬೇಕು. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಬಾಗಿಲಿನಿಂದ ಸಿಗಡಿ, ಮೀನು ಒಳಗೆ ಬರುತ್ತವೆ. ಬಾಗಿಲು ಎಂದು ತೆರೆಯಬೇಕು, ಒಡ್ಡಿಗೆ ಯಾರು ಮಣ್ಣು ಹಾಕಬೇಕು ಎಂಬುದನ್ನು ಹಿಂದೆ ಊರೇ ಕೂತು ತೀರ್ಮಾನಿಸುತ್ತಿತ್ತು. ನಮ್ಮ ಕಾಲಕ್ಕೆ ಗಜನಿ ಸಿಗಡಿ ಗುತ್ತಿಗೆಗೆ ಹೋಗತೊಡಗಿತ್ತು. ಪಾಲಿನ ಹಣ ಮನೆಗೆ ಬರುತ್ತಿತ್ತು, ಕೂಟ ಮಾತ್ರ ನಿಂತುಹೋಯಿತು. ಬಿತ್ತದೆ ಬಿಟ್ಟ ಗದ್ದೆಗಳಲ್ಲಿ ಬೀಜವೂ ಹೋಯಿತು.

2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಾನು ಬೆಂಗಳೂರಿನಿಂದ ಊರು ಸೇರಿದ್ದೆ. ಒಂದೆಡೆ ಸಾಂಕ್ರಾಮಿಕ, ಇನ್ನೊಂದೆಡೆ ಭೂಮಿ ಬಿಸಿಯಾಗಿ ಸಮುದ್ರ ಏರುತ್ತಿರುವ ಸುದ್ದಿ. ನನ್ನೊಬ್ಬನಿಂದ ಏನಾದೀತು ಎಂದು ಮಾಸ್ತರರ ಜಗಲಿಯಲ್ಲಿ ಕೂತು ಕೇಳಿದೆ. ಅವರು ಸಮಾಧಾನ ಹೇಳುವವರೇ ಅಲ್ಲ. "ತಮಾ, ಉಪ್ಪುನೀರನ್ನು ಬೈದು ಫಲವಿಲ್ಲ. ಬಾಗಿಲು ಯಾರ ಕೈಯಲ್ಲಿದೆ ನೋಡು" ಎಂದರು.

ನೋಡಿದೆ. ಸಂಬಳದ ಕೆಲಸ ಬಿಟ್ಟೆ. ಕಗ್ಗದ ಬೀಜ ಉಳಿಸಿಕೊಂಡಿದ್ದ ಹಿರಿಯರನ್ನು ಹುಡುಕಿ ತಂದೆ. ಆದರೆ ಬೀಜ ಸಿಕ್ಕಿದ್ದು ಸುಲಭದ ಭಾಗ. ಮಾತು ಬಿಟ್ಟ ಮನೆಗಳನ್ನು ಒಂದೇ ಚಾಪೆಯ ಮೇಲೆ ಕೂರಿಸುವುದಕ್ಕೆ ವರ್ಷಗಳೇ ಹಿಡಿದವು. ಅದನ್ನು ಮಾಡಿದೆ ಎಂಬ ಹೆಮ್ಮೆ ನನಗಿದೆ. ಈಗ ಭರತದ ಲೆಕ್ಕ ಕೇಳಲು ಪಕ್ಕದ ಊರಿನವರೂ ಬರುತ್ತಾರೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂದು ಪ್ರಕಟವಾಯಿತು. ಸುದ್ದಿ ಓದಿದ ಮಾಸ್ತರು, "ಬಳಚು ಚಿಪ್ಪು ಹೆಕ್ಕುವ ಹೆಂಗಸರನ್ನು ಸಭೆಗೆ ಕರೆದರೋ?" ಎಂದಷ್ಟೇ ಕೇಳಿದರು.

ಇಂದಿನ ಮಕ್ಕಳು ವ್ಯಾನಿನ ಕಿಟಕಿಯಿಂದ ಗಜನಿ ನೋಡುತ್ತಾರೆ. ಪರಿಸರದ ಯೋಜನೆಗೆ ಅಂಗಡಿಯಿಂದ ಚಾರ್ಟು ತಂದು ಅಂಟಿಸುತ್ತಾರೆ, ಅಂಕವೂ ಬೀಳುತ್ತದೆ. ನನಗೆ ಇದು ನೋವಿನ ವಿಷಯ. ಕಾಲಿಗೆ ಕೆಸರು ತಾಗದೆ ಈ ನದಿ ಅರ್ಥವಾಗುವುದಿಲ್ಲ. ಶಿಕ್ಷಕರ ಮೇಲೆ ನನಗೆ ದೂರಿಲ್ಲ. ಪಾಠ ಮುಗಿಸುವ ಅವಸರದಲ್ಲಿ ಅವರನ್ನು ಹೊರಗೆ ಬಿಡುವವರಾದರೂ ಯಾರು?

ಮುಂದಿನ ಮಳೆ ಹಿಡಿದು ಗದ್ದೆಯ ಉಪ್ಪು ತೊಳೆದುಹೋದ ಮೇಲೆ ಬಿತ್ತನೆ. ಆ ದಿನ ಒಂಬತ್ತನೇ ತರಗತಿಯವರನ್ನು ಕಳಿಸಿಕೊಡಿ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದ್ದೇನೆ. ಒಪ್ಪಿದ್ದಾರೆ. ಮಧ್ಯಾಹ್ನದ ಗಂಜಿ, ಉಪ್ಪಿನಕಾಯಿ ನಮ್ಮ ಮನೆಯದು.