ಕೌಂಟರ್‌ನಲ್ಲಿ ದನಿ ತಗ್ಗಿಸೋದು ನಂಗೆ ಕಲಿಸಿದ್ದು ಒಬ್ಬ ಟೆಂಪೋ ಡ್ರೈವರ್

ಬ್ಯಾಂಕಲ್ಲಿ ಕ್ಯಾಶ್ ಕೌಂಟರ್‌ನಲ್ಲಿ ಕೂತು ಇದು ಹನ್ನೊಂದನೇ ವರ್ಷ. ಅದ್ರಲ್ಲಿ ಆರು ವರ್ಷ ತಿಪಟೂರು ಕಡೆಯ ಒಂದು ಹೋಬಳಿ ಬ್ರಾಂಚ್‌ನಲ್ಲಿದ್ದೆ. ಸಂತೆ ದಿನ ಬಂತು ಅಂದ್ರೆ ಬಾಗಿಲು ತೆಗೆಯೋ ಮುಂಚೆನೇ ಮೆಟ್ಲು ತುಂಬ ಜನ. ಪೆನ್ಷನ್ ದುಡ್ಡು, ಗೃಹಲಕ್ಷ್ಮಿ ಎರಡು ಸಾವಿರ, ಕೊಬ್ಬರಿ ಮಾರಿದ್ದು, ಸಂಘದ ಕಂತು, ಎಲ್ಲಾ ಒಂದೇ ಬೆಳಿಗ್ಗೆ. ಅದರ ಮಧ್ಯ ಸರ್ವರ್ ಬೇರೆ ಕೈಕೊಟ್ರೆ ಮುಗೀತು.

ಅಂಥ ಒಂದು ದಿನ ಒಬ್ಬ ಅಜ್ಜಿ ಪಾಸ್‌ಬುಕ್ ಒಳಗೆ ತಳ್ಳಿ "ಎಷ್ಟೈತೆ ನೋಡವ್ವಾ" ಅಂದ್ರು. ಮಧ್ಯ ಗಾಜು, ಮೇಲೆ ಫ್ಯಾನ್ ಸದ್ದು, ಅಜ್ಜಿಗೆ ಕೇಳ್ಸಲಿ ಅಂತ ನಾನು ಜೋರಾಗೇ ಹೇಳ್ದೆ, "ಹದಿನೆಂಟು ಸಾವಿರದ ನಾನೂರು ಐತೆ ಅಜ್ಜಿ". ಅಜ್ಜಿ ನನ್ನ ನೋಡಲಿಲ್ಲ, ತಿರುಗಿ ಹಿಂದೆ ನೋಡಿದ್ರು. ಕ್ಯೂನಲ್ಲಿ ಮೂರನೆಯವನಾಗಿ ಅವ್ರ ಮೊಮ್ಮಗ ನಿಂತಿದ್ದ, ಅದು ನಂಗೆ ಗೊತ್ತಾಗಿದ್ದು ಮಾರನೇ ದಿನ, ಅವನೇ ಅಜ್ಜಿನ ಕರ್ಕೊಂಡ್ ಬಂದು ಸ್ಲಿಪ್ ಬರ್ದು ಹದಿನೆಂಟು ಸಾವಿರ ತೆಗೆಸಿದಾಗ. ಅಜ್ಜಿ ಹೆಬ್ಬೆಟ್ಟನ್ನ ಅವನೇ ಹಿಡ್ಕೊಂಡು ಇಂಕ್ ಪ್ಯಾಡ್ ಮೇಲೆ ಒತ್ತಿದ. ಆ ಬೆರಳು ಇನ್ನೂ ಕಣ್ಣಮುಂದೆ ಇದೆ, ಗೆರೆನೇ ಇಲ್ಲ, ಕೂಲಿ ಮಾಡಿ ಮಾಡಿ ಸವೆದು ನುಣ್ಣಗಾಗಿತ್ತು. "ನೀವೇ ತೆಗೀತಿದ್ದೀರಾ ಅಜ್ಜಿ" ಅಂತ ಕೇಳ್ದೆ, ಅವನ ಎದುರಿಗೇ ಕೇಳ್ದೆ, ಹೂಂ ಅನ್ನದೆ ಅವರಿನ್ನೇನು ಹೇಳ್ತಾರೆ. ಮ್ಯಾನೇಜರ್ ಕ್ಯಾಬಿನ್‌ಗೆ ಒಬ್ಬರನ್ನೇ ಕರ್ದು ಕೂರಿಸಿ ಕೇಳ್ಬೇಕಿತ್ತು. ಅದು ನಂಗೆ ಹೊಳೆದಿದ್ದು ರಾತ್ರಿ ಮನೇಲಿ.

ಅವತ್ತು ಕ್ಯೂನಲ್ಲಿ ಇದನ್ನೆಲ್ಲ ನೋಡ್ತಿದ್ದವನು ಒಬ್ಬ ಟೆಂಪೋ ಡ್ರೈವರ್. ಸಾಹುಕಾರ್ರ ಕ್ಯಾಶ್ ಕಟ್ಟೋಕೆ ವಾರಕ್ಕೊಂದ್ಸಲ ಬರ್ತಿದ್ದ, ಕಾಯೋ ಹೊತ್ತಲ್ಲಿ ಬೆಂಚ್ ಮೇಲೆ ಕೂತಿರೋ ಯಾರ್ಯಾರಿಗೋ ಸ್ಲಿಪ್ ಬರ್ದು ಕೊಡ್ತಿದ್ದ. ಪರಿಚಯ ಇಲ್ಲದವ್ರಿಗೇ ಜಾಸ್ತಿ. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕಿವಿ ಹತ್ರ ಹೋಗಿ ಎಷ್ಟು ಅಂತ ಕೇಳಿ, ಬರ್ದು, ಮಡಚಿ ಪಾಸ್‌ಬುಕ್ ಒಳಗಿಟ್ಟು ಅವ್ರ ಕೈಗೇ ಕೊಡೋನು. ದುಡ್ಡು ಬಂದಾಗ ಮಾತ್ರ ಹತ್ರ ಇರ್ತಿರ್ಲಿಲ್ಲ, ಎಣಿಸಿ ಕೊಡಪ್ಪಾ ಅಂದ್ರೂ ಕೌಂಟರಲ್ಲೇ ಎಣಿಸ್ಕೊಳಿ ತಾಯಿ ಅಂತ ದೂರ ನಿಲ್ಲೋನು.

ಮುಂದಿನ ವಾರ ಬಂದಾಗ ಅವನು ನಂಗೆ ಎರಡು ಮಾತು ಹೇಳ್ದ. "ಮೇಡಂ, ನಾನು ಬರೆಯೋ ಚೀಟಿ ಒಂದ್ಸಲ ಅವ್ರಿಗೇ ಓದಿ ಹೇಳಿ. ನಾನು ಒಂದು ಸೊನ್ನೆ ಜಾಸ್ತಿ ಹಾಕಿದ್ರೂ ಅವ್ರಿಗೆ ಗೊತ್ತಾಗಲ್ಲ, ನಂಬಿ ಬೆರಳು ಒತ್ತಿಬಿಡ್ತಾರೆ." ಆಮೇಲೆ ಸ್ವಲ್ಪ ತಡೆದು, "ಓದೋದು ಮೆಲ್ಲಗೆ ಓದಿ" ಅಂದ. ಅಷ್ಟೇ. ಯಾರಿಗೆ ಸಹಾಯ ಮಾಡ್ತಿದ್ದಾನೋ ಅವ್ರು ತನ್ನನ್ನೇ ಚೆಕ್ ಮಾಡೋ ಹಾಗಿರ್ಬೇಕು ಅಂತ ಯೋಚ್ನೆ ಮಾಡೋ ಮನುಷ್ಯನ್ನ ನಾನು ಅದೇ ಮೊದಲು ನೋಡಿದ್ದು.

ಆಮೇಲಿಂದ ನನ್ನ ಕೆಲಸ ಮಾಡೋ ರೀತಿ ಬದ್ಲಾಯ್ತು. ಬ್ಯಾಲೆನ್ಸ್ ಕೇಳಿದ್ರೆ ಓದೋಕೆ ಬರೋರಿಗೆ ಚಿಕ್ಕ ಚೀಟೀಲಿ ಬರ್ದು ಕೊಡ್ತೀನಿ, ಬರದವ್ರನ್ನ ಪಕ್ಕದ ಬಾಗಿಲ ಹತ್ರ ಕರ್ದು ಹೇಳ್ತೀನಿ. ಹೆಬ್ಬೆಟ್ಟು ಹಾಕೋರ ಸ್ಲಿಪ್ ಮೊದ್ಲು ಅವ್ರಿಗೆ ಓದಿ ಹೇಳಿ ಆಮೇಲೆ ಎಂಟ್ರಿ ಮಾಡ್ತೀನಿ. ಒಬ್ಬರಿಗೆ ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ, ಹಿಂದಿರೋರು ಗೊಣಗ್ತಾರೆ, ಗೊಣಗ್ಲಿ. ಕೌಂಟರ್ ಮೇಲೆ ಒಂದು ಜೊತೆ ಓದೋ ಕನ್ನಡಕ ದಾರ ಕಟ್ಟಿ ಇಟ್ಟೆ, ಪೆನ್ನಿಗಿಂತ ಅದಕ್ಕೇ ಡಿಮ್ಯಾಂಡ್.

ಇನ್ನೊಂದು ಹೇಳ್ಲೇಬೇಕು. ಸುಮಾರು ನಲವತ್ತು ವರ್ಷದ ಒಬ್ಬ ಹೆಣ್ಣುಮಗಳು ಗಂಡನ ಅಕೌಂಟ್ ಕ್ಲೋಸ್ ಮಾಡ್ಸೋಕೆ ಬಂದ್ರು. ಇದ್ದಿದ್ದು ಮುನ್ನೂರು ಚಿಲ್ಲರೆ ರೂಪಾಯಿ. ಮುಂಚಿನ ನಾನಾಗಿದ್ರೆ ಡೆತ್ ಸರ್ಟಿಫಿಕೇಟ್ ಇಸ್ಕೊಂಡು ಕ್ಲೋಸ್ ಮಾಡಿ ಕಳಿಸ್ತಿದ್ದೆ. ಅವತ್ತು ಎಂಟ್ರಿಗಳನ್ನ ಒಂದೊಂದೇ ನೋಡ್ತಾ ಬಂದೆ, ಮೇ ತಿಂಗಳ ಕೊನೇಲಿ 436 ರೂಪಾಯಿ ಕಟ್ ಆಗಿತ್ತು. ಅದು ಜೀವನ್ ಜ್ಯೋತಿ ವಿಮೆ, ಒಂದು ವರ್ಷಕ್ಕೆ 436, ತೀರ್ಕೊಂಡ್ರೆ ನಾಮಿನಿಗೆ 2 ಲಕ್ಷ. ಹಾಗೇ 20 ರೂಪಾಯಿ ಕಟ್ ಆಗಿದ್ರೆ ಅದು ಸುರಕ್ಷಾ ಬಿಮಾ, ಅಪಘಾತಕ್ಕೆ ಇರೋದು. ಆ ಅಮ್ಮಂಗೆ ಇದ್ಯಾವುದೂ ಗೊತ್ತಿರ್ಲಿಲ್ಲ, ಗಂಡ ಹೇಳಿರ್ಲಿಲ್ಲ. ಅರ್ಧ ಗಂಟೆ ಕೂತು ಕ್ಲೇಮ್ ಫಾರಂ ತುಂಬಿದ್ವಿ, ಆಮೇಲೆ ದುಡ್ಡೂ ಬಂತು. ನಿಮ್ಮ ಮನೇಲಿ, ಅಕ್ಕಪಕ್ಕದಲ್ಲಿ ಯಾರಾದ್ರೂ ತೀರ್ಕೊಂಡಿದ್ರೆ ದಯವಿಟ್ಟು ಅವ್ರ ಪಾಸ್‌ಬುಕ್ ಎಂಟ್ರಿ ಹಾಕಿಸಿ ಈ ಎರಡು ಅಂಕಿ ಇದೆಯಾ ನೋಡಿ ಹೇಳಿ. ಓದೋಕೆ ಬರೋರು ಬರದವ್ರಿಗೆ ಮಾಡ್ಬಹುದಾದ ಕೆಲಸ ಇದು.

ಎಟಿಎಂ ಹತ್ರ ಯಾರಾದ್ರೂ ಸಹಾಯ ಕೇಳಿದ್ರೆ ಅವ್ರ ಕಾರ್ಡ್ ನೀವು ಕೈಗೆ ತಗೋಬೇಡಿ, ಯಾವ ಬಟನ್ ಅಂತ ಬಾಯಲ್ಲಿ ಹೇಳಿ, ಪಿನ್ ಒತ್ತುವಾಗ ಮುಖ ತಿರುಗ್ಸಿ ನಿಂತ್ಕೊಳಿ. "ನೀನೇ ಒತ್ತಪ್ಪಾ" ಅಂತ ನಂಬರ್ ಹೇಳೋಕೆ ಬರ್ತಾರೆ, ಬೇಡ ಅನ್ನಿ. ಇವತ್ತು ನಿಮ್ಮಂಥ ಒಳ್ಳೆಯವ್ರಿಗೆ ಪಿನ್ ಹೇಳಿ ಅಭ್ಯಾಸ ಆದ್ರೆ ನಾಳೆ ಕಾರ್ಡ್ ಬದ್ಲಾಯಿಸೋ ಕಳ್ಳನಿಗೂ ಹಾಗೇ ಹೇಳ್ತಾರೆ.

ಮೆಟ್ಲು ಹತ್ತೋಕಾಗದ ವಯಸ್ಸಾದವ್ರನ್ನ ಪಕ್ಕದ ಮನೆಯವ್ರೇ ಆಟೋದಲ್ಲಿ ಕರ್ಕೊಂಡ್ ಬರ್ತಾರೆ, ಅವ್ರಿಗೆ ಕೈ ಮುಗೀಬೇಕು. ಇಂಕ್ ಪ್ಯಾಡ್ ತಗೊಂಡು ನಾವೇ ಆಟೋ ಹತ್ರ ಹೋಗ್ತೀವಿ, ಇಂಥವ್ರ ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ ಬೇಕು, ಒಬ್ಬರು ಬ್ಯಾಂಕ್‌ನ ಅಧಿಕಾರಿನೇ ಇರ್ಬೇಕು. 70 ದಾಟಿದವ್ರಿಗೆ, ಅಂಗವಿಕಲರಿಗೆ ಮನೆ ಬಾಗಿಲಿಗೇ ಸೇವೆ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ, ಕೇಳೋರೇ ಕಮ್ಮಿ. ನೀವು ಅವ್ರ ಪರವಾಗಿ ಬ್ರಾಂಚ್‌ನಲ್ಲಿ ಒಂದು ಮಾತು ಕೇಳಿ.

ಆ ಅಜ್ಜಿ ಏಳೆಂಟು ತಿಂಗಳು ಬ್ಯಾಂಕ್ ಕಡೆ ಬರಲೇ ಇಲ್ಲ. ಒಂದಿನ ಮಧ್ಯಾಹ್ನ, ಊಟದ ಹೊತ್ತಿಗೆ ಜನ ಕರಗಿದ ಮೇಲೆ ಒಬ್ಬರೇ ಬಂದ್ರು. ಪಾಸ್‌ಬುಕ್ ಒಳಗೆ ಕೊಟ್ಟು, ತಲೆ ಓರೆ ಮಾಡಿ, ಗಾಜಲ್ಲಿರೋ ಆ ತೂತಿಗೆ ಕಿವಿ ತಂದಿಟ್ರು. ನಾನೂ ಬಗ್ಗಿ ಮೆಲ್ಲಗೆ ಅಂಕಿ ಹೇಳ್ದೆ. ಒಂದ್ಸಲ ತಲೆ ಆಡಿಸಿ, "ಇರ್ಲಿ ಬಿಡವ್ವಾ, ಅಲ್ಲೇ ಇರ್ಲಿ" ಅಂತ ಪಾಸ್‌ಬುಕ್ ಸೆರಗಿನೊಳಗೆ ಸೇರಿಸ್ಕೊಂಡು ಹೋದ್ರು.