ನಿಲ್ಲದ ಬಿಕ್ಕಳಿಕೆ ಮತ್ತು ಮಿದುಳಿನ ಕಾಂಡ

ದಾವಣಗೆರೆಯಲ್ಲಿ ಸ್ಟ್ರೋಕ್ ಅಂದ್ರೆ ಕೈಕಾಲು ಬಿದ್ದುಹೋಗೋದು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ನಮ್ಮ ದೊಡ್ಡಪ್ಪನಿಗೆ ಹಾಗಾಗಲಿಲ್ಲ. ಏಕಾಏಕಿ ತಲೆಸುತ್ತು, ವಾಂತಿ, ನಿಲ್ಲದ ಬಿಕ್ಕಳಿಕೆ. ನೋಡಿದವರೆಲ್ಲ ಗ್ಯಾಸ್ ಅಂದರು. ಆದರೆ ಮಂಡಕ್ಕಿ ಬಿಡಿ, ನೀರು ಕುಡಿದರೂ ಮೂಗಿಗೆ ಬರುತ್ತಿತ್ತು, ಬಲಗೆನ್ನೆ ಜೋಮು ಹಿಡಿದಿತ್ತು, ಎಡಗಾಲಿಗೆ ಬಿಸಿನೀರು ಹಾಕಿದರೆ ಬಿಸಿಯೇ ಗೊತ್ತಾಗುತ್ತಿರಲಿಲ್ಲ.

ಇದೂ ಸ್ಟ್ರೋಕೇ, ಆದರೆ ಮಿದುಳಿನ ಕಾಂಡದಲ್ಲಿ ಆಗಿದ್ದು. ಇದಕ್ಕೆ ವಾಲೆನ್‌ಬರ್ಗ್ ಸಿಂಡ್ರೋಮ್ ಅಂತಾರೆ. ಅಡಾಲ್ಫ್ ವಾಲೆನ್‌ಬರ್ಗ್ ಅನ್ನೋ ಜರ್ಮನ್ ವೈದ್ಯರು 1895ರಲ್ಲೇ ಇದನ್ನು ವಿವರಿಸಿದ್ದರು.

ಮಿದುಳಿಗೂ ಬೆನ್ನುಹುರಿಗೂ ನಡುವೆ ಇರೋದು ಮಿದುಳಿನ ಕಾಂಡ. ಮೇಲೆ ಮಿಡ್‌ಬ್ರೈನ್, ನಡುವೆ ಪಾನ್ಸ್, ಕೆಳಗೆ ಮೆಡುಲ್ಲಾ. ತಲೆಯ 12 ಜೊತೆ ನರಗಳಲ್ಲಿ 10 ಜೊತೆ ಇಲ್ಲಿಂದಲೇ ಹೊರಡುತ್ತವೆ. ಉಸಿರಾಟ, ನುಂಗುವುದು, ಎಚ್ಚರ ಎಲ್ಲದಕ್ಕೂ ಇದು ಬೇಕು. ದೊಡ್ಡಪ್ಪನಿಗೆ ಪೆಟ್ಟು ಬಿದ್ದಿದ್ದು ಮೆಡುಲ್ಲಾದ ಬಲಪಕ್ಕಕ್ಕೆ. ಮುಖದ ನೋವು ತಿಳಿಸುವ ಎಳೆಗಳು ಅಲ್ಲಿ ಅದೇ ಪಕ್ಕದಲ್ಲಿರುತ್ತವೆ, ಆದರೆ ಮೈಯ ನೋವು-ಬಿಸಿ ತಿಳಿಸುವ ಎಳೆಗಳು ಬೆನ್ನುಹುರಿಯಲ್ಲೇ ಆಚೆ ಬದಿಗೆ ದಾಟಿ ಬಂದಿರುತ್ತವೆ, ಅದಕ್ಕೇ ಮುಖ ಬಲಕ್ಕೆ, ಕಾಲು ಎಡಕ್ಕೆ.

ಪಾನ್ಸ್‌ನ ಮುಂಭಾಗಕ್ಕೆ ದೊಡ್ಡ ಹಾನಿಯಾದರೆ ಇನ್ನೂ ಕಷ್ಟ. ಲಾಕ್ಡ್-ಇನ್ ಸಿಂಡ್ರೋಮ್ ಬರಬಹುದು. ಪೂರ್ತಿ ಎಚ್ಚರ ಇರುತ್ತದೆ, ಎಲ್ಲ ಕೇಳಿಸುತ್ತದೆ, ಆದರೆ ಸಾಮಾನ್ಯವಾಗಿ ಕಣ್ಣು ಮೇಲೆ ಕೆಳಗೆ ಆಡಿಸೋದು, ರೆಪ್ಪೆ ಮಿಟುಕಿಸೋದು ಬಿಟ್ಟರೆ ಏನೂ ಆಗದು. ಅಂಥವರ ಮುಂದೆ ದಯವಿಟ್ಟು ಏನೇನೋ ಮಾತಾಡಬೇಡಿ.

ಇನ್ನೊಂದು ವಿಷಯ. ಈ ಜಾಗದ ಸ್ಟ್ರೋಕ್ ಮೊದಲ ಸಿಟಿ ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಕಾಣಲ್ಲ, ಎಂಆರ್‌ಐ ಬೇಕಾಗುತ್ತದೆ. ತಲೆಸುತ್ತಿನ ಜೊತೆ ನುಂಗಲು ಆಗದಿದ್ದರೆ, ಮಾತು ತೊದಲಿದರೆ, ಒಂದೇ ವಸ್ತು ಎರಡಾಗಿ ಕಂಡರೆ ಸೋಡಾ ಕುಡಿಸುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರೋದು ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ.